ಐವತ್ತು ಎಂಎಲ್ ಕೊಸರು

ಪತ್ರಿಕೆ ಕೈಗೆ ಬಂದರೆ ನಾನು ಮೊದಲು ನೋಡುವುದು ಒಳಪುಟದ ಮೂಲೆಗಳನ್ನು. ನಾಳೆ ಯಾವ ಬಡಾವಣೆಯಲ್ಲಿ ಕರೆಂಟ್ ಇರುವುದಿಲ್ಲ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಅವರೆಕಾಯಿ ಏನು ಬೆಲೆ, ಯಾವ ರಸ್ತೆ ಅಗೆದಿದ್ದಾರೆ ಎನ್ನುವ ನಾಲ್ಕೈದು ಸಾಲಿನ ಸುದ್ದಿಗಳು ಅಲ್ಲಿರುತ್ತವೆ. ದೊಡ್ಡ ಸುದ್ದಿ ಓದಿದರೆ ತಿಳಿವಳಿಕೆ ಹೆಚ್ಚುತ್ತದೆ, ಸರಿ. ಈ ಸಣ್ಣ ಸುದ್ದಿಯ ಗುಣವೇ ಬೇರೆ. ಅದು ಓದಿದಲ್ಲಿಗೆ ಮುಗಿಯುವುದಿಲ್ಲ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಎದ್ದು ಹೊರಟು, ಬೀದಿಗಿಳಿದು, ನಾಲ್ಕು ಮನೆ ಹೊಕ್ಕು, ಯಾರದೋ ಅಡುಗೆಯ ಹದ ಕೆಡಿಸಿ, ಇನ್ನಾರದೋ ಮದುವೆ ಗೊತ್ತುಮಾಡಿ, ಸಂಜೆ ಹೊತ್ತಿಗೆ ಮನೆಗೆ ಬರುತ್ತದೆ.

ಹಾಗೆ ನನ್ನನ್ನು ತಿಂಗಳುಗಟ್ಟಲೆ ಹಿಡಿದಿಟ್ಟ ಸುದ್ದಿ 2024ರ ಜೂನ್ ಕೊನೆಯಲ್ಲಿ ಬಂತು. 26ನೇ ತಾರೀಕಿನಿಂದ ನಂದಿನಿ ಹಾಲಿನ ಪ್ಯಾಕೆಟ್ಟಿಗೆ ಎರಡು ರೂಪಾಯಿ ಹೆಚ್ಚು. ಜೊತೆಗೆ ಪ್ರತಿ ಪ್ಯಾಕೆಟ್ಟಿನಲ್ಲಿ 50 ಎಂಎಲ್ ಹಾಲೂ ಹೆಚ್ಚು. ಅರ್ಧ ಲೀಟರಿನದು 550, ಲೀಟರಿನದು 1050. ಊರೆಲ್ಲ ಎರಡು ರೂಪಾಯಿಯ ಬಗ್ಗೆ ಮಾತಾಡಿತು. ನನ್ನ ಮನಸ್ಸು ಹೋದದ್ದು ಐವತ್ತು ಎಂಎಲ್ ಕಡೆಗೆ.

ಅದರ ಕಾರಣವೂ ನನಗೆ ಹಿಡಿಸಿತು. ಬರಗಾಲದ ಬೇಸಿಗೆ ಕಳೆದು ಮಳೆ ಬಿತ್ತು, ಹಸಿ ಮೇವು ಕಾಣಿಸಿತು, ಹಸುಗಳು ಧಾರಾಳವಾಗಿ ಹಾಲು ಕೊಟ್ಟವು. ನಂದಿನಿ ಹಾಲು ಮಾರುವ ಕೆಎಂಎಫ್‌ಗೆ ದಿನವೊಂದಕ್ಕೆ ಬರುವ ಹಾಲು ಒಂದು ಕೋಟಿ ಲೀಟರಿನ ಹತ್ತಿರ ಹೋಯಿತು. ಕೋಲಾರ, ಹಾಸನ, ಮಂಡ್ಯದ ಹಳ್ಳಿ ಡೇರಿಗಳ ಮುಂದೆ ಬೆಳಗ್ಗೆ ಸಂಜೆ ಕ್ಯಾನು ಹಿಡಿದು ನಿಂತವರಿಗೆ ‘ಈ ಹೊತ್ತು ಸಾಕು, ನಾಳೆ ಬನ್ನಿ’ ಎನ್ನುವುದಕ್ಕಾಗುವುದಿಲ್ಲ. ಹಸುವಿಗಂತೂ ಹೇಳುವ ಹಾಗೇ ಇಲ್ಲ. ಮಿಕ್ಕಿದ್ದನ್ನು ಪುಡಿ ಮಾಡಬೇಕು, ಬೆಣ್ಣೆ ತೆಗೆಯಬೇಕು, ಅದಕ್ಕೂ ಖರ್ಚಿದೆ. ಅದರ ಬದಲು ಒಂದೊಂದು ಪ್ಯಾಕೆಟ್ಟಿಗೂ ಒಂದಿಷ್ಟು ಹೆಚ್ಚು ತುಂಬಿ ಮನೆಮನೆಗೆ ಕಳಿಸಿಬಿಡೋಣ ಎಂದು ಯಾರಿಗೆ ಹೊಳೆಯಿತೋ, ಅವರ ಹೊಟ್ಟೆ ತಣ್ಣಗಿರಲಿ.

ಪ್ಯಾಕೆಟ್ ಬರುವ ಮುಂಚೆ ಹಾಲು ಅಳೆದು ಹಾಕಿಸಿಕೊಂಡವರಿಗೆ ಇದರ ಸುಖ ಗೊತ್ತು. ವರ್ತನೆ ಹಾಲಿನವಳು ಹೊಸಿಲ ಮುಂದೆ ಕೂತು ಪಾವಿನಲ್ಲಿ ಅಳೆದು ಸುರಿದ ಮೇಲೂ ಅಮ್ಮ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ‘ಒಂಚೂರು ಕೊಸರು ಹಾಕವ್ವ’ ಎನ್ನುತ್ತಿದ್ದರು. ‘ಹಾಕ್ದೆ ಹೋಯ್ತೀನಾ, ಹಿಡೀರಿ ಅವ್ವಾ’ ಎಂದು ಆಕೆ ಇನ್ನಷ್ಟು ಸುರಿಯುತ್ತಿದ್ದಳು. ದಿನವೂ ಇದೇ ಮಾತು, ದಿನವೂ ಇದೇ ಉತ್ತರ. ಅದಾಗದೆ ವ್ಯಾಪಾರ ಮುಗಿಯುತ್ತಿರಲಿಲ್ಲ. ಸೊಪ್ಪಿನವಳು ಕಟ್ಟಿನ ಮೇಲೆ ನಾಲ್ಕು ಎಸಳು ಕೊತ್ತಂಬರಿ ಇಡುತ್ತಿದ್ದಳು, ಹೂವಿನವಳು ಮೊಳ ಅಳೆದು ನಾಲ್ಕು ಬೆರಳು ಮುಂದಕ್ಕೆ ಹೋಗಿ ಕತ್ತರಿಸುತ್ತಿದ್ದಳು. ಅಳತೆಯಷ್ಟು ದುಡ್ಡಿನ ಲೆಕ್ಕ, ಮೇಲಿನದು ವಿಶ್ವಾಸದ ಲೆಕ್ಕ. ಪ್ಯಾಕೆಟ್ ಬಂದಮೇಲೆ ಯಂತ್ರ ತುಂಬಿ, ಯಂತ್ರ ಅಂಚು ಕಾಯಿಸಿ ಮುಚ್ಚಿತು. ಪಾತ್ರೆ ಹಿಡಿದು ಕೊಸರು ಕೇಳಲು ಎದುರಿಗೆ ಯಾರೂ ಉಳಿಯಲಿಲ್ಲ. ಇಷ್ಟು ವರ್ಷಗಳ ಮೇಲೆ ಆ ಯಂತ್ರವೇ ಕೈ ಸಡಿಲಿಸಿತಲ್ಲ ಎಂದು ನನಗೆ ಹಿಗ್ಗು.

ಎರಡು ರೂಪಾಯಿ ಕೊಟ್ಟು ಪಡೆದದ್ದು ಕೊಸರು ಹೇಗಾಗುತ್ತದೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ನೀಲಿ ಪ್ಯಾಕೆಟ್ಟಿನ ಹಾಲು ಆಗ ಲೀಟರಿಗೆ 42 ರೂಪಾಯಿ. ಆ ದರದಲ್ಲಿ 50 ಎಂಎಲ್‌ಗೆ 2 ರೂಪಾಯಿ 10 ಪೈಸೆ ಆಗಬೇಕು. ತೆಗೆದುಕೊಂಡದ್ದು 2 ರೂಪಾಯಿ. ಹತ್ತು ಪೈಸೆಯ ಹಾಲು ಅಪ್ಪಟ ಕೊಸರು. ಹತ್ತು ಪೈಸೆಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಟೀ ಚಮಚ. ಅರ್ಧ ಚಮಚದಿಂದ ಏನಾದೀತು ಎನ್ನುವವರು ಹಾಲಿಗೆ ಹೆಪ್ಪು ಹಾಕಿ ನೋಡಿಲ್ಲ. ಅರ್ಧ ಚಮಚ ಮೊಸರು ಬೆಳಗಾಗುವುದರೊಳಗೆ ಪಾತ್ರೆಯ ಹಾಲನ್ನೆಲ್ಲ ತನ್ನಂತೆ ಮಾಡಿಕೊಳ್ಳುತ್ತದೆ. ಹಾಗಾದರೆ ಐವತ್ತು ಎಂಎಲ್ ನಮ್ಮ ಬೀದಿಯನ್ನು ಏನು ಮಾಡೀತು ಎಂಬ ಯೋಚನೆ ನನಗೆ ಹತ್ತಿಕೊಂಡದ್ದು ಅಲ್ಲಿಂದ.

ಮೊದಲು ಆಗುವುದು ಒಲೆಯ ಮೇಲೆ. ಪ್ರತಿ ಮನೆಯಲ್ಲೂ ಹಾಲಿಗೆಂದೇ ಒಂದು ಪಾತ್ರೆ ಇರುತ್ತದೆ. ಒಂದು ಪ್ಯಾಕೆಟ್ ಹಾಲು, ಪ್ಯಾಕೆಟ್ ತೊಳೆದು ಸುರಿದ ಒಂದು ಗುಟುಕು ನೀರು, ಉಕ್ಕಿ ಬರಲು ಎರಡು ಬೆರಳು ಜಾಗ ಎಂದು ಅದರ ಲೆಕ್ಕ ಎಂದೋ ಕೂತುಬಿಟ್ಟಿದೆ. ಹಾಲು ಒಲೆಗಿಟ್ಟು ಅಂಗಳಕ್ಕೆ ನೀರು ಹಾಕಿ ನಾಲ್ಕು ಎಳೆ ರಂಗೋಲಿ ಎಳೆದು ಬಂದರೆ ಹಾಲು ಕಾಯುವುದಕ್ಕೂ ಉರಿ ಆರಿಸುವುದಕ್ಕೂ ಸರಿಹೋಗುತ್ತದೆ. ಐವತ್ತು ಎಂಎಲ್ ಹೆಚ್ಚಾದಾಗ ಬಂದು ನೋಡಿದರೆ ಇನ್ನೂ ಕಾದಿಲ್ಲ. ಇನ್ನೊಂದು ಎಳೆ ಎಳೆದು ಬರೋಣ ಎಂದು ಹೋದರೆ, ಪಾತ್ರೆಯಲ್ಲಿ ಜಾಗ ಕಡಿಮೆ, ಹಾಲು ಉಕ್ಕಿ ಹರಿದೇ ಹರಿಯುತ್ತದೆ.

ಹೊಸ ಮನೆ ಹೊಕ್ಕಾಗ ಹಾಲುಕ್ಕಿಸುವುದು ನಮ್ಮಲ್ಲಿ ಮಂಗಳಕಾರ್ಯ. ಈಗ ಬೆಳಗಿನ ಆರೂವರೆಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹಾಲು ಉಕ್ಕಿದರೆ, ಇಡೀ ಕರ್ನಾಟಕಕ್ಕೆ ದಿನವೂ ಗೃಹಪ್ರವೇಶ. ಇಪ್ಪತ್ತು ವರ್ಷದಿಂದ ಬಾಡಿಗೆಗಿರುವವರಿಗೂ ಮೂರನೇ ವಾರದ ಹೊತ್ತಿಗೆ ಮನೆ ತಮ್ಮದೇ ಅನಿಸತೊಡಗುತ್ತದೆ. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳುವುದಿಲ್ಲ. ಮಾಲೀಕರು ಬಾಡಿಗೆ ಇಸಿದುಕೊಳ್ಳಲು ಬಂದು ಬಾಗಿಲಲ್ಲಿ ಮಾವಿನ ತೋರಣ ನೋಡಿ, ಬಂದ ಕೆಲಸ ಮರೆತು, ಹೂವು ಹಣ್ಣು ತರಲಿಲ್ಲವಲ್ಲ ಎಂದು ನಾಚಿಕೊಂಡು ಹಿಂದಿರುಗುತ್ತಾರೆ. ಪುರೋಹಿತರಿಗೆ ಒಂದು ಕ್ಷಣ ಬಿಡುವಿಲ್ಲ. ‘ರಾಹುಕಾಲದಲ್ಲಿ ಉಕ್ಕಿತು ಸ್ವಾಮಿ, ಏನು ಮಾಡೋಣ?’ ಎಂದು ಫೋನು. ‘ಪಕ್ಕದ ಬರ್ನರ್‌ನಲ್ಲಿ ಇನ್ನೊಂದು ಲೋಟ ಇಡಿ, ಒಳ್ಳೆ ಹೊತ್ತಿಗೆ ಅದು ಉಕ್ಕಲಿ’ ಎಂದು ಪರಿಹಾರ.

ಅಂಗಳದ ರಂಗೋಲಿಯ ಕಥೆ ಕೇಳಿ. ಹಾಲು ಕಾಯುವ ತನಕ ಇನ್ನೊಂದು ಎಳೆ, ಇನ್ನೊಂದು ಎಳೆ ಎಂದು ಎಳೆದದ್ದು ಗೇಟು ದಾಟಿ, ಮೋರಿಯ ಚಪ್ಪಡಿ ದಾಟಿ, ಡಾಂಬರಿಗೆ ಇಳಿಯುತ್ತದೆ. ಎದುರುಮನೆಯ ರಂಗೋಲಿಯೂ ಅಷ್ಟೇ ಬೆಳೆದು ಬಂದಿದೆ. ಶ್ರಾವಣದ ಒಂದು ಶುಕ್ರವಾರ ಎರಡೂ ರಸ್ತೆಯ ನಟ್ಟನಡುವೆ ಸೇರುತ್ತವೆ. ಚುಕ್ಕಿಗೆ ಚುಕ್ಕಿ ಕೂಡಿಸಲು ಎರಡು ಮನೆಯವರೂ ಕುಕ್ಕರುಗಾಲಿನಲ್ಲಿ ಕೂತಾಗ ಸ್ಕೂಟರಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ಆಟೊದವನು ದೂರದಲ್ಲೇ ನಿಲ್ಲಿಸಿ, ‘ಮೇಡಂ, ಆ ಮೂಲೇಲಿ ಒಂದು ನವಿಲು ಬಿಟ್ರೆ ಚೆನ್ನಾಗಿರುತ್ತೆ’ ಎನ್ನುತ್ತಾನೆ. ಅವನ ಮಾತು ಸರಿಯಾಗಿಯೇ ಇದೆ. ನವಿಲು ಬರುತ್ತದೆ.

ಹಾಲು ಹಾಕುವ ಹುಡುಗನನ್ನು ಮರೆಯಬಾರದು. ಇಪ್ಪತ್ತು ಪ್ಯಾಕೆಟ್ಟಿಗೆ ಒಂದು ಲೀಟರ್ ಹೆಚ್ಚು. ನೂರು ಮನೆಗೆ ಹಾಕುವ ಹುಡುಗನ ಸೈಕಲ್ಲಿಗೆ ದಿನವೂ ಐದು ಕಿಲೋಗಿಂತ ಮೇಲೆ ಭಾರ. ಏರು ರಸ್ತೆಗಳ ಮೈಸೂರಿನಂಥ ಊರಿನಲ್ಲಿ ಅದೇನು ಕಡಿಮೆಯೇ? ದಸರಾ ಹೊತ್ತಿಗೆ ಅವನ ಮೀನಖಂಡ ಕಲ್ಲಾಗಿ, ಯಾರೋ ಒತ್ತಾಯಿಸಿದರೆಂದು ಸೈಕಲ್ ಓಟಕ್ಕೆ ಹೆಸರು ಕೊಟ್ಟು, ಹಾಲಿನ ಚೀಲವಿಲ್ಲದ ಸೈಕಲ್ಲು ಇಷ್ಟು ಹಗುರವೇ ಎಂದು ಬೆರಗಾಗಿ, ಬಹುಮಾನದ ಕಟ್ಟೆಯನ್ನು ಗಮನಿಸದೆ ಚಾಮುಂಡಿ ಬೆಟ್ಟದ ಅರ್ಧ ಹತ್ತಿಬಿಡುತ್ತಾನೆ. ಮರುದಿನ ಬೀದಿಯವರೆಲ್ಲ ಎದ್ದು ಬಾಗಿಲಲ್ಲೇ ನಿಂತು ಅವನ ಕೈಯಿಂದ ಪ್ಯಾಕೆಟ್ ತೆಗೆದುಕೊಳ್ಳುತ್ತಾರೆ. ಅದುವರೆಗೆ ಗೇಟಿಗೆ ನೇತುಹಾಕಿದ ಚೀಲವನ್ನಷ್ಟೇ ನೋಡಿದ್ದ ಅವನು ಮೊದಲ ಸಲ ಜನರ ಮುಖ ನೋಡುತ್ತಾನೆ. ಇದೊಂದು ಕಲ್ಪನೆಯಾದರೂ ನಿಜವಾಗಲಿ ಎಂದು ನನ್ನ ಆಸೆ.

ಮನಸ್ಸು ಬಹಳ ಹೊತ್ತು ನಿಂತದ್ದು ಪಾಯಸದ ಬಳಿ. ನಮ್ಮ ಮನೆಗಳ ಅಡುಗೆಯ ಅಳತೆ ಲೀಟರಿನಲ್ಲಿಲ್ಲ, ಪ್ಯಾಕೆಟ್ಟಿನಲ್ಲಿದೆ. ‘ಶಾವಿಗೆ ಪಾಯಸ: ಹಾಲು ಒಂದು ಪ್ಯಾಕೆಟ್, ಶಾವಿಗೆ ಒಂದು ಲೋಟ’ ಎಂದು ಹಳೆಯ ನೋಟುಪುಸ್ತಕದಲ್ಲಿ ಎಣ್ಣೆಗೈಯಲ್ಲಿ ಬರೆದಿಟ್ಟಿರುತ್ತದೆ. ಈಗ ಅದೇ ಒಂದು ಪ್ಯಾಕೆಟ್ ಸುರಿದರೆ ಪಾಯಸ ತೆಳ್ಳಗಾಗುತ್ತದೆ. ಇರಲಿ ಎಂದು ಮೇಲೊಂದು ಹಿಡಿ ಶಾವಿಗೆ. ಶಾವಿಗೆಯ ದಾಹ ಎಂಥದೆಂದು ಮಾಡಿದವರಿಗೆ ಗೊತ್ತು. ಐದು ನಿಮಿಷದಲ್ಲಿ ಪಾಯಸ ಗಟ್ಟಿ. ಮತ್ತೆ ಅರ್ಧ ಲೋಟ ಹಾಲು. ಸಿಹಿ ಸಾಲದು, ಸಕ್ಕರೆ. ಸಕ್ಕರೆ ಬಿದ್ದಮೇಲೆ ಏಲಕ್ಕಿಯ ಪರಿಮಳ ಮಂಕು, ಇನ್ನೆರಡು ಏಲಕ್ಕಿ. ದ್ರಾಕ್ಷಿ ಗೋಡಂಬಿ ಹುಡುಕಿದರೂ ಸಿಗದ ಹಾಗೆ ಚದುರಿಹೋದವು, ತುಪ್ಪದಲ್ಲಿ ಇನ್ನೊಂದು ಹಿಡಿ ಹುರಿಯಿರಿ. ನಾಲ್ಕು ಜನಕ್ಕೆಂದು ಇಟ್ಟ ಪಾಯಸ ಏಳು ಜನಕ್ಕಾಯಿತು. ಮಿಕ್ಕ ಮೂವರನ್ನು ಎಲ್ಲಿಂದ ತರುವುದು? ಎದುರುಮನೆ ಇದೆಯಲ್ಲ.

ಸ್ಟೀಲ್ ಡಬ್ಬಿಯಲ್ಲಿ ಪಾಯಸ ರಸ್ತೆ ದಾಟುತ್ತದೆ, ರಂಗೋಲಿ ತುಳಿಯದೆ. ಎದುರುಮನೆಯಲ್ಲಿ ರಿಟೈರಾದ ಮೇಷ್ಟ್ರು, ಅವರ ಹೆಂಡತಿ, ಮನೆಯಿಂದಲೇ ಕಂಪನಿ ಕೆಲಸ ಮಾಡುವ ಮಗ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಮೂರನೇ ದಿನ ಅದೇ ಡಬ್ಬಿಯಲ್ಲಿ ಗೊಜ್ಜವಲಕ್ಕಿ ಬರುತ್ತದೆ. ಅದರ ರುಚಿಗೆ ಸೋತು ಈ ಕಡೆಯಿಂದ ಹೀರೇಕಾಯಿ ಬಜ್ಜಿ. ಆ ಕಡೆಯಿಂದ ನಿಪ್ಪಟ್ಟು. ಆಷಾಢವಿಡೀ ಡಬ್ಬಿ ಹೀಗೆ ಓಡಾಡಿ, ಅದು ಮೊದಲು ಯಾರ ಮನೆಯದೆಂಬುದು ಎರಡು ಮನೆಗೂ ಮರೆತುಹೋಗುತ್ತದೆ. ಮೊದಮೊದಲು ಅಮ್ಮಂದಿರೇ ಕೊಂಡೊಯ್ಯುತ್ತಿದ್ದರು. ಮಂಡಿನೋವು ಬಂದಮೇಲೆ ‘ನೀನೇ ಒಂದು ಹೆಜ್ಜೆ ಹೋಗಿ ಕೊಟ್ಟು ಬಾ’ ಎಂದು ಮಗಳಿಗೆ. ಆ ಮನೆಯಲ್ಲೂ ‘ನೀನೇ ತಲುಪಿಸಿ ಬಾರಪ್ಪ’ ಎಂದು ಮಗನಿಗೆ. ಗೌರಿಹಬ್ಬದ ಹೊತ್ತಿಗೆ ಡಬ್ಬಿ ಕೊಟ್ಟು ಬರಲು ಹೋದವರು ಮುಕ್ಕಾಲು ಗಂಟೆ ಕಳೆದರೂ ಹಿಂದಿರುಗಿರುವುದಿಲ್ಲ. ನವರಾತ್ರಿಯಲ್ಲಿ ಎರಡು ಮನೆಯ ಗೊಂಬೆಗಳೂ ಒಂದೇ ಹಜಾರದಲ್ಲಿ ಕೂರುತ್ತವೆ, ಪಟ್ಟದ ಗೊಂಬೆಗಳೇ ನಾಲ್ಕು. ದೀಪಾವಳಿ ಕಳೆದಮೇಲೆ ಮೇಷ್ಟ್ರು ಜಾತಕ ಹಿಡಿದು ರಸ್ತೆ ದಾಟುತ್ತಾರೆ. ‘ಜಾತಕ ಯಾಕೆ ಮೇಷ್ಟ್ರೇ, ನಾಲ್ಕು ತಿಂಗಳಿಂದ ಅಡುಗೆ ಕೂಡಿಬಂದಿದೆ, ಇನ್ನೇನು ಕೂಡಬೇಕು?’ ಎನ್ನುತ್ತಾರೆ ಹುಡುಗಿಯ ತಾಯಿ. ಮಾಘದಲ್ಲಿ ಮದುವೆ. ಲಗ್ನಪತ್ರಿಕೆಯ ತಲೆಯಲ್ಲಿ ಮನೆದೇವರ ಹೆಸರು, ಅದರ ಕೆಳಗೆ ಒಂದು ಪುಟ್ಟ ಹಸುವಿನ ಚಿತ್ರ. ಮದುವೆಗೆ ಬಂದವರು ಹುಡುಗನ ಹೆಂಡತಿಯ ಮನೆ ಎಲ್ಲಿ ಎಂದು ಕೇಳಿದರೆ ಹುಡುಗ ಕಿಟಕಿಯಿಂದಲೇ ಬೆರಳು ತೋರಿಸುತ್ತಾನೆ.

ಒಂದು ಹಿಡಿ ಶಾವಿಗೆ ಹೆಚ್ಚಾದದ್ದಕ್ಕೆ ಇಷ್ಟು.

ಕೆನೆಯ ಲೆಕ್ಕವನ್ನೂ ಮಾಡಿದ್ದೇನೆ. ನೀಲಿ ಪ್ಯಾಕೆಟ್ಟಿನದು ಟೋನ್ಡ್ ಹಾಲು, ಶೇ. 3ರಷ್ಟು ಕೊಬ್ಬು. 50 ಎಂಎಲ್‌ನಲ್ಲಿ ಒಂದೂವರೆ ಗ್ರಾಂ. ಹೆಚ್ಚು ತುಂಬುವ ಈ ವ್ಯವಸ್ಥೆ ನಡೆದದ್ದು 2025ರ ಮಾರ್ಚ್ ಕೊನೆಯವರೆಗೆ, 279 ದಿನ. ದಿನಕ್ಕೊಂದು ಪ್ಯಾಕೆಟ್ ಕೊಳ್ಳುವ ಮನೆಗೂ ಅಷ್ಟು ದಿನದಲ್ಲಿ ಹೆಚ್ಚುವರಿ ಹಾಲು 14 ಲೀಟರಿಗೆ ಹತ್ತಿರ, ಅದರೊಳಗಿನ ಕೊಬ್ಬು 400 ಗ್ರಾಮಿಗೂ ಮೇಲೆ. ಎಲ್ಲವೂ ಕೆನೆಯಾಗಿ ಕೈಗೆ ಸಿಗುವುದಿಲ್ಲ. ಆದರೂ ಫ್ರಿಜ್ಜಿನ ಮೂಲೆಯ ಬಟ್ಟಲಲ್ಲಿ ದಿನವೂ ಕೆನೆ ಸೇರಿಸಿ, ಕಡೆದು, ಬೆಣ್ಣೆ ಕಾಯಿಸಿ, ಕೊನೆಗೆ ಒಂದು ವೀಳ್ಯದೆಲೆ ಹಾಕಿ ಇಳಿಸುವವರ ತಾಳ್ಮೆಗೆ ಅದು ಒಂದು ಸಣ್ಣ ಸೀಸೆ ತುಪ್ಪವಾಗಿ ಒದಗುತ್ತದೆ. ಯುಗಾದಿಯ ಒಬ್ಬಟ್ಟಿನ ಮೇಲೆ ಒಂದು ಚಮಚ ಹಾಕುವ ಕಡೆ ಎರಡು ಹಾಕುತ್ತಾರೆ. ಒಬ್ಬಟ್ಟು ತಿಂದವರು ಮಧ್ಯಾಹ್ನ ಮಲಗಿ ಸಂಜೆ ಐದಕ್ಕೆ ಏಳುತ್ತಾರೆ. ವರ್ಷದ ಮೊದಲ ದಿನವೇ ಹಾಗೆ ನಿದ್ದೆ ಬಂದರೆ ವರ್ಷವಿಡೀ ಬರುತ್ತದೆಂದು ನಂಬಿಕೆ; ಆ ಬೀದಿಯಲ್ಲಿ ಗಲಾಟೆ ಜಗಳ ಎಲ್ಲಿಂದ ಬರಬೇಕು?

ಕಾಫಿಯ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಐವತ್ತು ಎಂಎಲ್ ಹಾಲಿಗೆ ಡಿಕಾಕ್ಷನ್ ಬೆರೆಸಿದರೆ ಬೈ-ಟೂ ಕಾಫಿಯ ಒಂದು ಪಾಲು. ಬೈ-ಟೂ ಎಂದರೆ ಇನ್ನೊಂದು ಪಾಲಿಗೆ ಒಬ್ಬರು ಬೇಕೇ ಬೇಕು. ಅದೇ 2024ರ ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಆಟಗಾರರು ನಂದಿನಿಯ ಗುರುತಿದ್ದ ಅಂಗಿ ತೊಟ್ಟು ಟಿ20 ವಿಶ್ವಕಪ್ ಆಡಿದರು. ಆಟ ಮುಗಿಸಿ ಊರಿಗೆ ಹೋದವರು ಅಲ್ಲಿನ ಚಳಿಯಲ್ಲಿ ಮುಂದಿನವನ ಭುಜ ತಟ್ಟಿ ‘ಬೈ-ಟೂ ಹೇಳೋಣವಾ?’ ಎಂದು ಕೇಳುವುದನ್ನು ನಾನು ಎಷ್ಟೋ ಬೆಳಗು ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿ ಕಂಡಿದ್ದೇನೆ. ಆ ವರ್ಷದ ನವೆಂಬರಿನಲ್ಲಿ ನಂದಿನಿ ದೆಹಲಿಗೂ ಹೋಯಿತು. ಮಂಡ್ಯದ ಹಾಲು ಟ್ಯಾಂಕರಿನಲ್ಲಿ ಅಷ್ಟು ದೂರ ಸಾಗಿತು. ಅದರ ಹಿಂದೆಯೇ ‘ಏನ್ಲಾ, ಊಟ ಆಯ್ತಾ?’ ಎನ್ನುವ ಮಾತೂ ಅಲ್ಲಿಗೆ ಮುಟ್ಟಿ, ದೆಹಲಿಯ ಚಳಿಗಾಲ ಒಂದು ಮುಷ್ಟಿ ಬೆಚ್ಚಗಾಗಿದ್ದರೆ ಆಶ್ಚರ್ಯವಿಲ್ಲ.

ಈ ಲೆಕ್ಕಗಳಲ್ಲಿ ಒಂದು ಮಾತ್ರ ಕಲ್ಪನೆಗೆ ಬಿಟ್ಟುಕೊಡಲು ಮನಸ್ಸಾಗದೆ ನನ್ನೊಳಗೆ ಉಳಿದಿದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಸಿಗುವುದು 150 ಎಂಎಲ್ ಹಾಲು, ಪುಡಿ ಕಲಸಿ ಕಾಯಿಸಿದ್ದು. ಮೂರು ಮನೆಯ ಐವತ್ತು ಸೇರಿದರೆ ಒಂದು ಮಗುವಿನ ಲೋಟ. ಮೂವತ್ತು ಮನೆಯ ನಮ್ಮ ಬೀದಿ ಮನಸ್ಸು ಮಾಡಿದರೆ ಹತ್ತು ಮಕ್ಕಳು. ಹೆಚ್ಚು ಬಂದ ಹಾಲು ನಮ್ಮ ಪಾತ್ರೆಗಳಲ್ಲಿ ಉಕ್ಕಿ ಒಲೆಗೆ ಹೋದಾಗಲೆಲ್ಲ ಈ ಹತ್ತು ಲೋಟ ಕಣ್ಣಿಗೆ ಕಟ್ಟುತ್ತಿತ್ತು. ಬೀದಿಯ ಕೊನೆಯಲ್ಲಿ ಒಂದು ದೊಡ್ಡ ಪಾತ್ರೆ ಇಟ್ಟು, ಹೋಗುತ್ತ ಬರುತ್ತ ಎಲ್ಲರೂ ತಮ್ಮ ಕೊಸರನ್ನು ಅದಕ್ಕೆ ಸುರಿದು, ಬೆಳಗಿನ ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಕೆನೆಗಟ್ಟಿದ ಬಿಸಿ ಹಾಲು ಶಾಲೆಯ ಬಾಗಿಲಿಗೆ ಹೋಗುವುದು ಆಗದ ಕೆಲಸವೇನಲ್ಲ. ಮಕ್ಕಳಿಗೆ ಹಾಲಿನ ಮೀಸೆ ಮೂಡುತ್ತದೆ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ‘ಒಂದು ಮನೆಯವರು 50 ಎಂಎಲ್ ಕೊಟ್ಟರೆ’ ಎಂದು ಬರೆಯುವಷ್ಟರಲ್ಲಿ ಇಡೀ ತರಗತಿ ಉತ್ತರ ಕೂಗುತ್ತದೆ, ಏಕೆಂದರೆ ಉತ್ತರ ಆಗಲೇ ಅವರ ಹೊಟ್ಟೆಯಲ್ಲಿದೆ.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಏಪ್ರಿಲ್ 1ರಿಂದ ಪ್ಯಾಕೆಟ್ ಮತ್ತೆ ಅರ್ಧ ಲೀಟರಿಗೆ, ಒಂದು ಲೀಟರಿಗೆ ಇಳಿಯಿತು. ಬೆಲೆ ಲೀಟರಿಗೆ ನಾಲ್ಕು ರೂಪಾಯಿ ಏರಿತು. ಏರಿದ್ದಕ್ಕೆ ನನಗೆ ಬೇಸರವಿಲ್ಲ. ಹಿಂಡಿ ಬೂಸಾದ ಬೆಲೆ, ನಾಲ್ಕು ಗಂಟೆಗೆ ಎದ್ದು ಸಗಣಿ ಬಾಚುವ ಕಷ್ಟ, ಕರು ಹಾಕುವ ರಾತ್ರಿ ಕೊಟ್ಟಿಗೆಯಲ್ಲೇ ಕಳೆಯುವ ಜಾಗರಣೆ, ಇವಕ್ಕೆಲ್ಲ ನಾಲ್ಕು ರೂಪಾಯಿ ದೊಡ್ಡದಲ್ಲ. ಅದು ಪೂರ್ತಿ ಹಳ್ಳಿಗೆ ಮುಟ್ಟಲಿ. ನನಗೆ ಕೊರೆಯುವುದು ಕೊಸರು ಹೋದದ್ದು.

ಅದಕ್ಕೇ ಒಂದು ಬೇಡಿಕೆ ಇಟ್ಟಿದ್ದೇನೆ, ಮನಸಾರೆ. ವರ್ಷಕ್ಕೊಂದು ದಿನ, ಸಂಕ್ರಾಂತಿಯಂದು, ಪ್ರತಿ ಪ್ಯಾಕೆಟ್ಟಿನಲ್ಲೂ 50 ಎಂಎಲ್ ಹೆಚ್ಚು ತುಂಬಲಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವುದು ಅಂದೇ. ದನಕರುವಿನ ಹಬ್ಬದ ದಿನ ಪೇಟೆಯ ಮನೆಗೂ ಅವುಗಳ ಪಾಲಿನದು ಬರಲಿ. ಆ ಹಾಲಿನ ದುಡ್ಡನ್ನು ರೈತರಿಗೆ ಒಂದು ಪೈಸೆ ಕಡಿಮೆಯಿಲ್ಲದೆ ಕೊಡಲಿ. ಅಂದು ಪ್ಯಾಕೆಟ್ಟಿಗೆ ಎರಡಲ್ಲ, ಮೂರು ರೂಪಾಯಿ ಹೆಚ್ಚು ಕೊಡಲು ನಾನು ತಯಾರು. ಪ್ಯಾಕೆಟ್ಟಿನ ಮೂಲೆಯಲ್ಲಿ ಪುಟ್ಟದಾಗಿ ‘ಕೊಸರು ಸೇರಿದೆ’ ಎಂದು ಅಚ್ಚು ಹಾಕಿಸಿದರೆ ಸಾಕು. ಎಳ್ಳು ಬೀರಲು ಬಂದ ಮಕ್ಕಳಿಗೆ ತಟ್ಟೆಗೆ ಎಳ್ಳುಬೆಲ್ಲ, ಕೈಗೆ ಬಿಸಿ ಹಾಲು ಕೊಡುವುದು ನಮ್ಮ ಮನೆಯ ಪಾಲು. ರಸ್ತೆಗೆ ರಂಗೋಲಿ ಪಕ್ಕದ ಮನೆಯವರದು. ಶಾವಿಗೆ ಮೇಷ್ಟ್ರ ಮನೆಯಿಂದ ಬರಲಿ, ಒಂದು ಹಿಡಿ ಜಾಸ್ತಿಯೇ ಇರಲಿ. ಹಾಲು ಹಾಕುವ ಹುಡುಗ ಅಂದು ಸೈಕಲ್ಲನ್ನು ಗೋಡೆಗೆ ಒರಗಿಸಿ, ಒಳಗೆ ಬಂದು, ಮೊದಲ ಬಟ್ಟಲು ಅವನೇ ಕುಡಿದು ಹದ ಹೇಳಲಿ.